ಬಸ್ ಪಾಸ್ ಬೇಡದ ಕ್ಲಾಸಿಗೆ ಎಷ್ಟು ಕ್ರೆಡಿಟ್?

ಬುಧವಾರ ರಾತ್ರಿ ಹನ್ನೊಂದೂವರೆ. ತುಮಕೂರಿನ ಹಾಸ್ಟೆಲೊಂದರ ಮಹಡಿ ಮೆಟ್ಟಿಲಲ್ಲಿ ಪಾವಗಡ ಕಡೆಯ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಕೂತಿದ್ದಾಳೆ. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಐಐಟಿ ಮೇಷ್ಟರ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್ ಕೋರ್ಸಿನ ವಾರದ ಅಸೈನ್‌ಮೆಂಟ್ ಹನ್ನೆರಡರೊಳಗೆ ಹಾಕಬೇಕು. ವಾಟ್ಸ್ಯಾಪ್ ಗುಂಪಿಗೆ ‘1-ಬಿ, 2-ಡಿ, 3-ಎ’ ಆಗಲೇ ಬಂದು ಬಿದ್ದಿದೆ. ಊರಲ್ಲಿ ತಾತ ಕೇಳುತ್ತಾರಂತೆ: ‘ಈ ಕಾಲೇಜು ಎಲ್ಲೈತಮ್ಮ?’

ಇಂಥ ಆನ್‌ಲೈನ್ ಕೋರ್ಸಿಗೆ ಕ್ರೆಡಿಟ್ ಕೊಡಬೇಕೇ, ಅಂದರೆ ಅದನ್ನು ಪದವಿಯ ಲೆಕ್ಕಕ್ಕೆ ಸೇರಿಸಬೇಕೇ ಎಂಬುದೇ ಈಗಿನ ಜಗಳ. ತಾತನ ಅನುಮಾನ ಇಂದಿನದಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿದಾಗಲೂ ‘ಕರೆಸ್ಪಾಂಡೆನ್ಸ್ ಡಿಗ್ರಿ’ ಎಂದರೆ ಮೂಗು ಮುರಿಯುವವರಿದ್ದರು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಕೆಲಸಕ್ಕೆ ಹೋಗುತ್ತಲೇ, ಮಕ್ಕಳನ್ನು ನೋಡಿಕೊಳ್ಳುತ್ತಲೇ ಪದವಿ ಪಡೆದವರಿಗೆ ಲೆಕ್ಕವಿಲ್ಲ. ಆದರೆ ಅದಕ್ಕೆ ಮಾನ್ಯತೆ ಇಲ್ಲವೆಂದು 2015ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸಾರಿತು. 2018ರಲ್ಲಿ ಮಾನ್ಯತೆ ಮರಳುವವರೆಗೆ ಅಂಕಪಟ್ಟಿ ಹಿಡಿದು ಅಲೆದವರು ವಿದ್ಯಾರ್ಥಿಗಳೇ. ನಮ್ಮ ಕಡೆ ಆನ್‌ಲೈನ್ ಎಂದೊಡನೆ ‘ಇದು ನಡೆಯುತ್ತಾ?’ ಎಂದು ಮೊದಲು ಕೇಳುವುದರ ಹಿಂದೆ ಈ ಸುಟ್ಟ ನೆನಪೂ ಇದೆ.

ಎನ್‌ಪಿಟಿಇಎಲ್ 2003ರಲ್ಲಿ ಹುಟ್ಟಿದ್ದು ಐಐಟಿ ಮತ್ತು ಐಐಎಸ್‌ಸಿ ಮೇಷ್ಟರ ಪಾಠಗಳನ್ನು ಎಲ್ಲರಿಗೂ ಮುಟ್ಟಿಸಲು. ಆಗ ಕ್ರೆಡಿಟ್ಟಿನ ಮಾತಿರಲಿಲ್ಲ, ಜಗಳವೂ ಇರಲಿಲ್ಲ. ಜಗಳ ಹತ್ತಿದ್ದು 2016ರ ಯುಜಿಸಿ ನಿಯಮದಿಂದ. ಒಂದು ಸೆಮಿಸ್ಟರಿನ ಶೇ 20ರಷ್ಟು ಕೋರ್ಸುಗಳನ್ನು ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯಲ್ಲಿ (ಎನ್‌ಪಿಟಿಇಎಲ್ ಕೋರ್ಸುಗಳೂ ಇಲ್ಲೇ ಸಿಗುತ್ತವೆ) ಮಾಡಬಹುದು, ಆ ಕ್ರೆಡಿಟ್ಟನ್ನು ವಿಶ್ವವಿದ್ಯಾಲಯ ನಿರಾಕರಿಸುವಂತಿಲ್ಲ ಎಂದಿತು ಅದು. ಕೋವಿಡ್ ಬಂದು ಎಲ್ಲರನ್ನೂ ಮೊಬೈಲ್ ಮುಂದೆ ಕೂರಿಸಿದ ಮೇಲೆ, 2021ರಲ್ಲಿ ಮಿತಿ ಶೇ 40ಕ್ಕೇರಿತು.

ನಿಯಮದ ಒಂದು ಸಾಲನ್ನು ಮಾತ್ರ ಯಾರೂ ಗಟ್ಟಿಯಾಗಿ ಓದುವುದಿಲ್ಲ. ಆನ್‌ಲೈನ್ ಕೋರ್ಸಿಗೆ ಅನುಮತಿ ಕೊಡಲು 2016ರ ನಿಯಮ ಹೇಳಿದ ಕಾರಣಗಳಲ್ಲಿ, ವಿಭಾಗದಲ್ಲಿ ಆ ಪಾಠಕ್ಕೆ ತಕ್ಕ ಬೋಧಕರಿಲ್ಲದಿರುವುದೂ ಒಂದು. ಅಂದರೆ ಕ್ರೆಡಿಟ್ ಒಳಗೆ ಬಂದದ್ದು ಖಾಲಿ ಕುರ್ಚಿಯ ಬಾಗಿಲಿಂದ. ನನ್ನ ಮಟ್ಟಿಗೆ ಇಡೀ ವಾದದ ಗಂಟು ಇಲ್ಲೇ ಇದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ಅವರ ಕೆಲಸ ನಿಂತಿರುವುದು ವಾರಕ್ಕೆ ಎಷ್ಟು ಗಂಟೆ ವರ್ಕ್‌ಲೋಡ್ ಇದೆ ಎಂಬುದರ ಮೇಲೆ. ಒಂದು ವಿಷಯದ ಪಾಠ ಸ್ವಯಂಗೆ ಹೋದರೆ ಟೈಮ್‌ಟೇಬಲ್ಲಿನಲ್ಲಿ ನಾಲ್ಕು ಚೌಕ ಖಾಲಿ, ಜತೆಗೆ ಒಬ್ಬರ ಸಂಬಳಕ್ಕೂ ಕತ್ತರಿ. ಸ್ಟಾಫ್‌ರೂಮಿನಲ್ಲಿ ‘ಗುಣಮಟ್ಟ’ ಎಂಬ ಮಾತಿನ ಅಡಿಯಲ್ಲಿ ಇರುವುದು ಬಹುಪಾಲು ಈ ಭಯ. ಅದು ಸುಳ್ಳು ಭಯವೂ ಅಲ್ಲ.

ಹಾಗಾದರೆ ಗುಣಮಟ್ಟದ ಕಥೆ? ಎನ್‌ಪಿಟಿಇಎಲ್‌ನಲ್ಲಿ ಅಸೈನ್‌ಮೆಂಟಿಗೆ 25 ಅಂಕ. ಹನ್ನೆರಡು ವಾರದ ಕೋರ್ಸಾದರೆ ಚೆನ್ನಾಗಿ ಬಂದ ಎಂಟನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದ 75 ಪರೀಕ್ಷಾ ಕೇಂದ್ರದಲ್ಲಿ, ಹಾಲ್‌ಟಿಕೆಟ್ ಹಿಡಿದು ಕೂತು ಬರೆಯುವಂಥದ್ದು. ಅದರಲ್ಲಿ 30 ಬಾರದಿದ್ದರೆ ಸರ್ಟಿಫಿಕೇಟ್ ಇಲ್ಲ. ವಾಟ್ಸ್ಯಾಪ್ ಉತ್ತರಗಳ ಆಟ ಅಲ್ಲಿ ನಡೆಯದು. ಕ್ಲಾಸ್‌ರೂಮಿನ ಇಂಟರ್ನಲ್ ಮಾರ್ಕ್ಸ್ ಹೇಗೆ ಬೀಳುತ್ತವೆ ಎಂದು ಬಲ್ಲವರು ಈ ವಿಷಯದಲ್ಲಿ ಜಾಸ್ತಿ ಮಾತಾಡದಿರುವುದು ಒಳ್ಳೆಯದು.

ಪಾಠಗಳು ಬಹುತೇಕ ಇಂಗ್ಲಿಷಿನಲ್ಲಿರುವುದು ಬೇರೆಯೇ ತೊಡಕು. ಕನ್ನಡ ಮಾಧ್ಯಮದಿಂದ ಬಂದವರು ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಕ್ಲಾಸಿನಲ್ಲಾದರೆ ಮೇಷ್ಟರು ಮುಖ ನೋಡಿ ‘ತಿಳೀತೇನ್ರೋ?’ ಎಂದು ಕನ್ನಡಕ್ಕೆ ಇಳಿಯುತ್ತಿದ್ದರು.

ಇದರ ನಡುವೆ ರಾಜ್ಯ 2021ರಲ್ಲಿ ನಾಲ್ಕು ವರ್ಷದ ಪದವಿಗೆ ಹೋಗಿ, 2024ರಲ್ಲಿ ಮೂರಕ್ಕೆ ಮರಳಿತು. ಕ್ರೆಡಿಟ್ ಲೆಕ್ಕ ಬರೆದಿಟ್ಟವರು ಮತ್ತೆ ಬರೆದರು.

ಆ ಹುಡುಗಿ ಹತ್ತು ಪ್ರಶ್ನೆಯಲ್ಲಿ ಎಂಟನ್ನು ತಾನೇ ಮಾಡಿದಳಂತೆ. ಉಳಿದೆರಡಕ್ಕೆ ಗುಂಪಿನ ಉತ್ತರ ಹಾಕಿದಳು. ಅವೆರಡೂ ತಪ್ಪಾಗಿದ್ದವು.