ಡ್ರಿಪ್ ತೆಗೆದು ಮನೆಗೆ ಕಳಿಸಿದ ಮೇಲೆ

"ಡಾಕ್ಟ್ರೇ, ಒಂದು ತಿಂಗಳು ಮುಂಚೆ ಕರ್ಕೊಂಡು ಬಂದಿದ್ರೆ?"

ಮೂತ್ರಪಿಂಡ ಕೆಟ್ಟ ನಾಯಿಯನ್ನು ಮನೆಗೆ ಕಳಿಸುವಾಗ ಬಹುತೇಕ ಎಲ್ಲರೂ ಇದನ್ನು ಕೇಳುತ್ತಾರೆ. ಕೈಯಲ್ಲಿ ಮಾತ್ರೆಗಳ ಚೀಟಿ ಇರುತ್ತದೆ, ಕಣ್ಣು ಮಾತ್ರ ಸೂಜಿ ಹಾಕಲು ಕೂದಲು ಬೋಳಿಸಿದ ಆ ಮುಂಗಾಲಿನ ಮೇಲೆ. ನಾನು ಕೊಡುವ ಉತ್ತರ ಬರೀ ಸಮಾಧಾನದ ಮಾತಲ್ಲ. ಈ ಕಾಯಿಲೆ ನಿಧಾನವಾಗಿ ಬೆಳೆಯುವಾಗ, ಮೂತ್ರಪಿಂಡಗಳ ಶಕ್ತಿ ಸುಮಾರು ಮುಕ್ಕಾಲು ಪಾಲು ಹೋಗುವವರೆಗೂ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡಗಳು ಸೋಸಿ ಹೊರಹಾಕಬೇಕಾದ ಕಶ್ಮಲ) ಎದ್ದು ಕಾಣುವಷ್ಟು ಏರುವುದಿಲ್ಲ. ಉಳಿದ ಭಾಗವೇ ಅಲ್ಲಿಯತನಕ ಹೊರೆ ಹೊತ್ತಿರುತ್ತದೆ. ನಾಯಿ ಸ್ವಲ್ಪ ಹೆಚ್ಚು ನೀರು ಕುಡಿಯುತ್ತದೆ, ಸ್ವಲ್ಪ ಹೆಚ್ಚು ಮೂತ್ರ ಮಾಡುತ್ತದೆ. ಸೆಕೆಗಿರಬೇಕು ಅಂದುಕೊಳ್ಳುತ್ತೇವೆ. ನಿಮ್ಮ ಕಣ್ಣು ತಪ್ಪಿಸಿದ್ದು ಕಾಯಿಲೆ, ನೀವು ಕಣ್ಣು ಮುಚ್ಚಿಕೊಂಡಿರಲಿಲ್ಲ.

ಈಗ ಆಗಬೇಕಾದ ಕೆಲಸ ಬೇರೆ. ಮೊದಲನೆಯದಾಗಿ, ಮನೆಯೊಳಗೆ ಮೂತ್ರ ಮಾಡುತ್ತದೆಂದು ನೀರಿನ ಬಟ್ಟಲು ಎತ್ತಿಡಬೇಡಿ. ಆ ನೀರಿನ ಬಲದಲ್ಲೇ ಅದು ನಡೆಯುತ್ತಿದೆ. ಊಟದ ಹತ್ತಿರ ಬಂದು, ಮೂಸಿ, ತುಟಿ ನೆಕ್ಕಿಕೊಂಡು ಮುಖ ತಿರುಗಿಸಿದರೆ ಅದು ಹಟವಲ್ಲ, ಹೊಟ್ಟೆ ತೊಳಸುತ್ತಿದೆ. ಅದಕ್ಕೆ ಔಷಧಿ ಇದೆ, ವೈದ್ಯರಿಗೆ ಹೇಳಿ. ಪ್ರೀತಿಯಿಂದಲೇ ಆದರೂ ಬಾಯಿ ಬಿಡಿಸಿ ತುರುಕಿದರೆ, ಮುಂದೆ ಆ ಊಟ ಕಂಡರೇ ದೂರ ಹೋಗುತ್ತದೆ. ನೋವಿದೆಯೆಂದು ನಿಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ನಾಯಿಯ ಪ್ರಾಣಕ್ಕೇ ಕುತ್ತು ತರಬಹುದು. ಚೇತರಿಸಿಕೊಂಡಿತು ಎಂದು ಸ್ಟೀರಾಯ್ಡ್ ಮಾತ್ರೆಯನ್ನು ನೀವೇ ಥಟ್ಟನೆ ನಿಲ್ಲಿಸುವುದೂ ಬೇಡ.

ಹೃದಯದ ಕಾಯಿಲೆಯಾದರೆ ನಾನು ಹೇಳಿಕೊಡುವುದು ಒಂದೇ ವಿದ್ಯೆ: ಉಸಿರು ಎಣಿಸುವುದು. ನಾಯಿ ಗಾಢ ನಿದ್ದೆಯಲ್ಲಿರುವಾಗ ಎದೆ ಏರಿ ಇಳಿದರೆ ಒಂದು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿದ್ದರೆ ಸಾಮಾನ್ಯ. ಹನ್ನೊಂದು ವರ್ಷದ ಹೆಣ್ಣು ನಾಯಿಯೊಂದರ ಯಜಮಾನಿ ಪ್ರತಿ ರಾತ್ರಿ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು: 22, 24, 23. ಒಂದು ರಾತ್ರಿ 38 ಬಂತು, ಮತ್ತೆ ಎಣಿಸಿದರೂ 38. ಕೆಮ್ಮಿಲ್ಲ, ಸುಸ್ತಿಲ್ಲ, ಸಂಜೆ ಊಟವನ್ನೂ ಮಾಡಿತ್ತು. ಆದರೂ ಅವರು ಆಗಲೇ ಫೋನ್ ಮಾಡಿದರು. ಶ್ವಾಸಕೋಶದಲ್ಲಿ ನೀರು ತುಂಬಲು ಶುರುವಾಗಿತ್ತು. ಔಷಧಿಯ ಪ್ರಮಾಣ ಹೆಚ್ಚಿಸಿದೆವು, ಉಸಿರು ಹದಕ್ಕೆ ಬಂತು. ನನ್ನ ಸ್ಟೆತಸ್ಕೋಪಿಗಿಂತ ಮೊದಲು ಆ ಪೆನ್ಸಿಲ್ ಕಾಯಿಲೆಯನ್ನು ಹಿಡಿದಿತ್ತು.

ಆರೈಕೆ ಮಾಡುವವರೂ ಸೊರಗುತ್ತಾರೆ. ರಾತ್ರಿ ಮೂರನೇ ಸಲ ಎದ್ದು ನೆಲ ಒರೆಸುವಾಗ ನಾಯಿಯ ಮೇಲೆ ರೇಗಿ, ಬೆಳಿಗ್ಗೆ ನನ್ನ ಮುಂದೆ ಅತ್ತವರು ಎಷ್ಟೋ ಜನ. ಅದು ಪ್ರೀತಿ ಕಡಿಮೆಯಾದ ಗುರುತಲ್ಲ, ನಿದ್ದೆ ಕೆಟ್ಟ ಗುರುತು. ಸರದಿ ಹಾಕಿಕೊಳ್ಳಿ.

ಇನ್ನು ಎಲ್ಲರೂ ಕೇಳಲು ಹೆದರುವ ಪ್ರಶ್ನೆ: ಎಷ್ಟು ದಿನ ಹೀಗೆ? ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೊಸ್ ಇದಕ್ಕೊಂದು ಅಳತೆಗೋಲು ಮಾಡಿದ್ದಾರೆ. ನೋವು, ಹಸಿವು, ಮೈಯ ನೀರಿನಂಶ, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು, ಹೀಗೆ ಏಳಕ್ಕೂ 10ರಲ್ಲಿ ಅಂಕ, ಸ್ಥಿತಿ ಚೆನ್ನಾಗಿದ್ದಷ್ಟೂ ಹೆಚ್ಚು. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು ಎನ್ನುತ್ತದೆ ಅದು. ನಾನು ಆ ಮೊತ್ತವನ್ನೇ ತೀರ್ಪೆಂದು ಹಿಡಿಯುವುದಿಲ್ಲ. ಮನೆಯವರೆಲ್ಲ ಬೇರೆ ಬೇರೆಯಾಗಿ ಬರೆದು ಹೋಲಿಸಿ ನೋಡಿ ಎನ್ನುತ್ತೇನೆ. ಸಂಜೆ ಕೆಲಸದಿಂದ ಬರುವವರ ಅಂಕ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ಏಕೆಂದರೆ ಬಾಗಿಲ ಸದ್ದಿಗೆ ನಾಯಿ ಉಳಿದ ಶಕ್ತಿಯನ್ನೆಲ್ಲ ಬಾಲಕ್ಕೆ ತಂದುಕೊಂಡು ಏಳುತ್ತದೆ. ಹಗಲಿಡೀ ಜೊತೆಗಿದ್ದವರು ಮಾತ್ರ ಅದು ಮತ್ತೆ ಮಲಗಲು ಪಟ್ಟ ಪಾಡನ್ನು ನೋಡಿರುತ್ತಾರೆ.

ದಯಾಮರಣಕ್ಕೆ ಒಪ್ಪಿದರೆ ಏನಾಗುತ್ತದೆಂದು ಮೊದಲೇ ತಿಳಿದಿರಲಿ. ಕೊಡುವುದು ಅರಿವಳಿಕೆ ಔಷಧಿಯನ್ನೇ, ಅತಿ ಹೆಚ್ಚಿನ ಪ್ರಮಾಣದಲ್ಲಿ. ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಉಸಿರು, ಹೃದಯ. ಕಣ್ಣು ತೆರೆದೇ ಇರುತ್ತದೆ. ಎಲ್ಲ ಮುಗಿದ ಮೇಲೂ ಒಂದೆರಡು ಸಲ ಉಸಿರೆಳೆದಂತೆ ಕಾಣಬಹುದು, ಮೂತ್ರ ಹೋಗಬಹುದು. ಅದು ನರಳಾಟವಲ್ಲ, ಸ್ನಾಯುಗಳ ಕೊನೆಯ ಚಲನೆ. ಆ ದಿನ ಹೇಳಿದರೆ ಇದು ಯಾರ ಕಿವಿಗೂ ಇಳಿಯುವುದಿಲ್ಲ. ನಾಯಿ ಇನ್ನೂ ಅಂಗಳದಲ್ಲಿ ಓಡಾಡಿಕೊಂಡಿರುವಾಗಲೇ ನಿಮ್ಮ ವೈದ್ಯರ ಹತ್ತಿರ ಕೂತು ಕೇಳಿಟ್ಟುಕೊಳ್ಳಿ.