‘ಕಷ್ಟ ಬಿದ್ದರೆ ತಾನೇ ಗಟ್ಟಿಯಾಗೋದು?’

ಪ್ರಶ್ನೆ: ಮಗ ಎಸ್‌ವೈ (ಎರಡನೇ ವರ್ಷದ) ಬಿಕಾಂ. ಒಂದು ಕೆಟಿ (ಫೇಲಾಗಿ ಮತ್ತೆ ಬರೆಯಬೇಕಾದ ವಿಷಯ) ಬಂತೆಂದು ವಾರವಿಡೀ ಕೋಣೆ ಬಿಟ್ಟು ಹೊರಬರಲಿಲ್ಲ. ನಾನು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಓದಿದವನು. ನಮಗಿದ್ದ ಗಟ್ಟಿತನ ಇವರಿಗೆ ಯಾಕಿಲ್ಲ? ರಜೆಯಲ್ಲಿ ಇವನನ್ನೂ ಪರಿಚಯದವರ ಹೋಟೆಲಿಗೆ ಹಾಕಿದರೆ ಸರಿಹೋದಾನೆ?
– ಒಬ್ಬ ತಂದೆ, ಡೊಂಬಿವಲಿ

ಉತ್ತರ: ಮುಂಬಯಿಯ ಮಾಟುಂಗದಿಂದ ವಸಾಯಿಯವರೆಗೆ ಎಲ್ಲಿ ಪೋಷಕರ ಜೊತೆ ಮಾತಿಗೆ ಕೂತರೂ ಚಹಾ ಬರುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಈ ಸಲ ಬರೆದೇ ಬಿಡುತ್ತೇನೆ.

ಹೋಟೆಲಿಗೆ ಹಾಕಬೇಡಿ. ಅವನೇ ಒಪ್ಪಿ, ಸಂಬಳಕ್ಕೆ ಹೋಗುವುದಾದರೆ ಸಂತೋಷ. ಕೆಟಿಗೆ ಶಿಕ್ಷೆ ಎಂದು ಕಳಿಸಿದರೆ ಅವನು ಕಲಿಯುವುದು ಒಂದೇ ಪಾಠ: ಮುಂದಿನ ಸಲ ರಿಸಲ್ಟ್ ಅಪ್ಪನಿಗೆ ಗೊತ್ತಾಗಬಾರದು.

ಕಷ್ಟವೇ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಎಂಬ ನಂಬಿಕೆ ಮುಂಬಯಿ ಕನ್ನಡಿಗರಲ್ಲಿ ಆಳವಾಗಿ ಬೇರುಬಿಟ್ಟಿದೆ. ಅದಕ್ಕೆ ಕಾರಣವೂ ಇದೆ. ಚಿಕ್ಕ ಪ್ರಾಯದಲ್ಲೇ ಊರು ಬಿಟ್ಟು ಬಂದು, ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಓದಿ ವಕೀಲರು, ಬ್ಯಾಂಕು ಮ್ಯಾನೇಜರು, ಹೋಟೆಲ್ ಮಾಲಕರು ಆದವರನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಅವರ ಮೇಲೆ ನನಗಿರುವ ಗೌರವ ಸಣ್ಣದಲ್ಲ. ಆದರೆ ಆ ಕಥೆಯನ್ನು ನಾವು ಅರ್ಧವೇ ಹೇಳುತ್ತಾ ಬಂದಿದ್ದೇವೆ.

ಉಳಿದ ಅರ್ಧ ಹೀಗಿದೆ. ಆ ಹುಡುಗ ಬಸ್ಸಿನಿಂದ ಇಳಿದಾಗ ಕರೆದೊಯ್ಯಲು ಮಾವನೋ ಊರಿನ ಅಣ್ಣನೋ ಬಂದು ನಿಂತಿರುತ್ತಿದ್ದ. ರಾತ್ರಿ ಮಲಗುವಾಗ ಅಕ್ಕಪಕ್ಕದಲ್ಲಿ ಅವನ ಭಾಷೆಯ ಹುಡುಗರೇ. ಸಂಜೆ ಗಿರಾಕಿ ತುಂಬಿರುವಾಗಲೂ ‘ಶಾಲೆಗೆ ಹೊತ್ತಾಯ್ತು, ನೀನು ಹೊರಡು ಮಾರಾಯ’ ಎಂದು ಬಿಟ್ಟುಕೊಡುವ ಮಾಲಕರಿದ್ದರು. ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಶಾಲೆ ತಾವಾಗಿ ಹುಟ್ಟಿಕೊಂಡವಲ್ಲ, ಸಮಾಜದ ಹಿರಿಯರು ಮುಂದೆ ನಿಂತು ಕಟ್ಟಿದಂಥವು. ದಣಿದು ಡೆಸ್ಕಿನ ಮೇಲೆ ತಲೆಯಿಟ್ಟ ಹುಡುಗನನ್ನು ಬೈಯದೆ ಎಬ್ಬಿಸಿ ಲೆಕ್ಕ ಹೇಳಿಕೊಡುವ ಮಾಸ್ತರರು ಅಲ್ಲಿದ್ದರು. ಇವರನ್ನೆಲ್ಲ ಮರೆತು, ಕಪ್ಪು ಬಸಿಯೊಂದನ್ನೇ ನೆನಪಿಟ್ಟುಕೊಂಡರೆ ಹೇಗೆ?

ಅದೇ ಹೋಟೆಲಿನಲ್ಲಿ ಅದೇ ಕಪ್ಪು ತೊಳೆದು ಕಾಯಿಲೆ ಬಿದ್ದು ಊರಿಗೆ ಮರಳಿದವರಿದ್ದಾರೆ, ಶಾಲೆ ಬಿಟ್ಟವರಿದ್ದಾರೆ, ಕುಡಿತಕ್ಕೆ ಬಿದ್ದವರಿದ್ದಾರೆ. ಕಷ್ಟ ಎಲ್ಲರಿಗೂ ಒಂದೇ ಇತ್ತು. ಸಂಘದ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸುವುದು ಗೆದ್ದವರಿಗೆ ಮಾತ್ರ, ಹಾಗಾಗಿ ಲೆಕ್ಕಕ್ಕೆ ಸಿಗುವುದೂ ಅವರೇ.

ಈ ವಿಷಯವನ್ನು ತಾಳ್ಮೆಯಿಂದ ನೋಡಿದವರೂ ಇದ್ದಾರೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ದಶಕಗಟ್ಟಲೆ ಗಮನಿಸಿದರು. ಬಡತನ, ಮನೆಯಲ್ಲಿ ಕಲಹ, ಕುಡಿತ ಹೀಗೆ ಹಲವು ತಾಪತ್ರಯಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿ ಬದುಕು ಕಟ್ಟಿಕೊಂಡರು. ಹೆಚ್ಚಿನವರು ಹದಿಹರೆಯದಲ್ಲಿ ಒಂದಲ್ಲ ಒಂದು ತೊಂದರೆಗೆ ಸಿಕ್ಕಿದರು. ಗೆದ್ದವರ ಹಿಂದೆ ಕಂಡದ್ದೇನು? ಅಜ್ಜಿಯೋ ಚಿಕ್ಕಮ್ಮನೋ ಟೀಚರೋ, ಕೈಬಿಡದ ಒಬ್ಬ ಹಿರಿಯರು. ಜೊತೆಗೆ ಇನ್ನೊಂದಿತ್ತು: ಮನೆಗೆ ನಿಜವಾಗಿ ಬೇಕಾದ ಒಂದು ಕೆಲಸದ ಹೊಣೆ ಆ ಮಕ್ಕಳ ಮೇಲಿತ್ತು.

ಈ ಎರಡನೆಯದರಲ್ಲೇ ನಾವು ಎಡವುತ್ತಿರುವುದು. ಪರೀಕ್ಷೆ ಫಾರ್ಮಿನ ವಾರದಲ್ಲಿ ಯಾವುದಾದರೂ ಕಾಲೇಜು ಆಫೀಸಿನ ಕಿಟಕಿಯ ಮುಂದೆ ನಿಂತು ನೋಡಿ. ಕ್ಯೂನಲ್ಲಿ ಝೆರಾಕ್ಸ್ ಹಿಡಿದು ಬೆವರುತ್ತಿರುವುದು ಅಪ್ಪ, ಬೆಂಚಿನ ಮೇಲೆ ಮೊಬೈಲ್ ಹಿಡಿದು ಕೂತಿರುವುದು ಮಗ. ಫಾರ್ಮಿನಲ್ಲಿ ಕೊಟ್ಟಿರುವ ನಂಬರ್ ಅಪ್ಪನದು, ಒಟಿಪಿ ಬರುವುದು ಅಪ್ಪನಿಗೆ. ತನ್ನದೇ ಅರ್ಜಿಯ ಪಾಸ್‌ವರ್ಡ್ ಹತ್ತೊಂಬತ್ತರ ಹುಡುಗನಿಗೆ ಗೊತ್ತಿಲ್ಲ. ಆ ಪ್ರಾಯದಲ್ಲಿ ನೀವು ಸಂಬಳ ಎಣಿಸಿ, ಊರಿಗೆ ಮನಿಯಾರ್ಡರ್ ಮಾಡಿ, ಉಳಿದದ್ದರಲ್ಲಿ ತಿಂಗಳು ದೂಡುತ್ತಿದ್ದಿರಿ. ನಿಮ್ಮನ್ನು ಗಟ್ಟಿ ಮಾಡಿದ್ದರಲ್ಲಿ ಆ ಲೆಕ್ಕಾಚಾರದ ಪಾಲು ದೊಡ್ಡದು.

ವಿಶ್ವ ಆರೋಗ್ಯ ಸಂಸ್ಥೆ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿದೆ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2019ರಲ್ಲಿ ಪದವಿ ತರಗತಿಗಳಿಗೆಂದೇ ‘ಜೀವನ ಕೌಶಲ’ ಪಠ್ಯಕ್ರಮ ತಂದಿದೆ. ಒಳ್ಳೆಯದೇ. ಆದರೆ ನಿರ್ಧಾರ ಮಾಡುವುದನ್ನು ತರಗತಿಯಲ್ಲಿ ಕಲಿತು ಬಂದವನಿಗೆ ಮನೆಯಲ್ಲಿ ನಿರ್ಧರಿಸಲು ಏನಾದರೂ ಬಿಟ್ಟಿರಬೇಕಲ್ಲ!

ಹಾಗಾಗಿ ಈ ಕೆಟಿಯನ್ನು ಅವನಿಗೇ ಬಿಡಿ. ಉತ್ತರ ಪತ್ರಿಕೆಯ ಫೋಟೋಕಾಪಿ ತರಿಸಬೇಕೋ, ರಿವ್ಯಾಲ್ಯುಯೇಶನ್‌ಗೆ ಹಾಕಬೇಕೋ, ನೇರ ಮತ್ತೆ ಬರೆಯಬೇಕೋ ಅವನೇ ವಿಚಾರಿಸಿ ಬರಲಿ. ಕೊನೆಯ ದಿನಾಂಕ ಅವನೇ ನೆನಪಿಟ್ಟುಕೊಳ್ಳಲಿ. ಮರೆತರೆ ಲೇಟ್ ಫೀ ಅವನ ಪಾಕೆಟ್ ಮನಿಯಿಂದ ಹೋಗಲಿ. ನಿಮ್ಮ ಕೆಲಸ ಊಟಕ್ಕೆ ಪಕ್ಕದಲ್ಲಿ ಕೂತು ‘ಯಾವ ಪ್ರಶ್ನೆ ಕೈಕೊಟ್ಟಿತು?’ ಎಂದು ಕೇಳುವುದು. ಪಕ್ಕದ ಬಿಲ್ಡಿಂಗಿನ ಹುಡುಗನ ಪರ್ಸೆಂಟೇಜು ಆ ಹೊತ್ತಿಗೆ ಬೇಡ. ರಾತ್ರಿ ಶಾಲೆಯ ಕಥೆ ಖಂಡಿತ ಹೇಳಿ, ಪೂರ್ತಿ ಹೇಳಿ: ನೀವು ಯಾವಾಗ ಅತ್ತಿರಿ, ಆಗ ಯಾರು ಬಂದು ಪಕ್ಕದಲ್ಲಿ ಕೂತರು ಎಂಬುದನ್ನೂ ಸೇರಿಸಿ.

ಒಂದು ಎಚ್ಚರಿಕೆ. ನಿದ್ದೆ, ಊಟ, ಆಸಕ್ತಿ ಎಲ್ಲ ಕೆಟ್ಟು ಎರಡು ವಾರ ದಾಟಿದರೆ, ಅಥವಾ ಸಾಯುವ ಮಾತು ಒಮ್ಮೆ ಬಂದರೂ ಸಾಕು, ಅದನ್ನು ಗಟ್ಟಿತನದ ಲೆಕ್ಕಕ್ಕೆ ಹಾಕಬೇಡಿ, ಡಾಕ್ಟರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಇನ್ನು ನೀವು ಕೇಳದ ಮಾತು. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಬಂದದ್ದೆಲ್ಲ ಗಂಡು ಮಕ್ಕಳ ಬಗ್ಗೆಯೇ. ಮಗಳನ್ನು ಗಟ್ಟಿ ಮಾಡುವುದು ಹೇಗೆಂದು ಯಾರೂ ಕೇಳುವುದಿಲ್ಲ, ಅವಳು ಹೇಗೂ ಹೊಂದಿಕೊಳ್ಳುತ್ತಾಳೆ ಎಂಬ ಧೈರ್ಯ. ಬೆಳಿಗ್ಗೆ ಡಬ್ಬಿ ಕಟ್ಟಿ, ವಿರಾರ್ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕಾಲೇಜಿಗೆ ಹೋಗಿ, ಬಂದು ತಮ್ಮನಿಗೆ ಪಾಠ ಹೇಳುವ ಹುಡುಗಿಯರು ನನ್ನ ತರಗತಿಯಲ್ಲಿದ್ದಾರೆ. ಹೊಂದಿಕೊಳ್ಳುವುದರಲ್ಲಿ ಅವರಿಗೆ ಸಾಟಿಯಿಲ್ಲ. ಆದರೆ ಇಂಟರ್ನ್‌ಶಿಪ್ಪಿಗೆ ಹೂಂ ಅನ್ನಬೇಕೋ ಬೇಡವೋ ಎಂದು ಕೇಳಿದರೆ ‘ಮನೆಯಲ್ಲಿ ಕೇಳಿ ಹೇಳ್ತೇನೆ ಸರ್’ ಎನ್ನುತ್ತಾರೆ. ಅವರ ಹೆಸರಿನ ಖಾತೆಯ ಎಟಿಎಂ ಕಾರ್ಡು ಅಣ್ಣನ ಪರ್ಸಿನಲ್ಲಿರುತ್ತದೆ. ನಿಮಗೆ ಮಗಳಿದ್ದರೆ ಆ ಕಾರ್ಡನ್ನು ಇವತ್ತೇ ಅವಳ ಕೈಗೆ ಕೊಡಿ, ಈ ತಿಂಗಳ ಲೈಟ್ ಬಿಲ್ಲು, ಗ್ಯಾಸಿನ ಹಣವನ್ನು ಅವಳೇ ನೋಡಿಕೊಳ್ಳಲಿ. ಬೆಳಗಿನ ಡಬ್ಬಿಯನ್ನು ಮಗ ಕಟ್ಟಲಿ.