ಯೂನಿಯನ್ ಕಟ್ಟುವವರು ತಾರೀಖು ಬರೆದಿಡಬೇಕು

‘ಯೂನಿಯನ್ ಮಾಡಿದ್ದಕ್ಕೆ ನಿಮ್ಮನ್ನು ಕೆಲಸದಿಂದ ತೆಗೆದಿದ್ದೇವೆ’ ಎಂದು ಬರೆದಿರುವ ಆದೇಶವನ್ನು ನಾನು ಈವರೆಗೂ ನೋಡಿಲ್ಲ. ಯಾವ ಕಂಪನಿಯೂ ಹಾಗೆ ಬರೆಯುವುದಿಲ್ಲ. ಸೂಪರ್‌ವೈಸರ್‌ಗೆ ಎದುರು ಮಾತಾಡಿದ, ಹೇಳದೆ ಕೇಳದೆ ರಜೆ ಹಾಕಿದ, ಪ್ರೊಡಕ್ಷನ್ ಬೇಕೆಂದೇ ಕಡಿಮೆ ಮಾಡಿದ, ಹೀಗೆ ಏನಾದರೂ ಇರುತ್ತದೆ. ಕೆಲವೊಮ್ಮೆ ಅದೂ ಇರುವುದಿಲ್ಲ. ಆರ್ಡರ್ ಕಡಿಮೆಯಾಗಿದೆ ಎಂಬ ಎರಡು ಸಾಲು, ಅಷ್ಟೇ. ಪೀಣ್ಯ, ಬೊಮ್ಮಸಂದ್ರ, ಬಿಡದಿ ಕಡೆಯಿಂದ ಬರುವವರು ಆ ಕಾಗದವನ್ನು ಮೇಜಿನ ಮೇಲಿಟ್ಟು, "ಇದೆಲ್ಲ ಸುಳ್ಳು ಸರ್, ಯೂನಿಯನ್‌ಗೆ ಸೇರಿದೆವು ಅಂತ ತೆಗೆದಿದ್ದಾರೆ" ಎನ್ನುತ್ತಾರೆ.

ಬಹಳ ಸಲ ಅದು ನಿಜವೇ ಇರುತ್ತದೆ. ಆದರೆ ಕೋರ್ಟಿನಲ್ಲಿ ತೋರಿಸಬೇಕಲ್ಲ? ಕಂಪನಿಗೆ ಯೂನಿಯನ್ ವಿಷಯ ಗೊತ್ತಾದದ್ದು ಯಾವತ್ತು, ಕಂಪನಿ ತಪ್ಪು ಹೊರಿಸಿ ಕೊಡುವ ಆರೋಪಪಟ್ಟಿ ಬಂದದ್ದು ಯಾವತ್ತು. ಕೇಸಿನ ಜೀವ ಈ ಎರಡು ತಾರೀಖಿನ ನಡುವೆ ಇರುತ್ತದೆ.

ಸಂಘ ಕಟ್ಟುವ ಹಕ್ಕು ಸಂವಿಧಾನದ 19(1)(ಸಿ) ವಿಧಿಯಲ್ಲೇ ಇದೆ. ಅದಕ್ಕಿಂತ ಹಳೆಯದು 1926ರ ಟ್ರೇಡ್ ಯೂನಿಯನ್ ಕಾಯ್ದೆ. ಅದು ಹುಟ್ಟಿದ ಕಥೆ ನಮ್ಮ ಪಕ್ಕದ ಊರಿನದೇ. 1918ರಲ್ಲಿ ಬಿ.ಪಿ. ವಾಡಿಯಾ ಅವರ ನೇತೃತ್ವದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಶುರುವಾಯಿತು. ಬಕಿಂಗ್‌ಹ್ಯಾಂ ಅಂಡ್ ಕರ್ನಾಟಿಕ್ ಮಿಲ್ ನಡೆಸುತ್ತಿದ್ದ ಬಿನ್ನಿ ಕಂಪನಿ, ಹೌದು, ನಮ್ಮ ಬೆಂಗಳೂರಿನ ಬಿನ್ನಿ ಮಿಲ್‌ನ ಬಿನ್ನಿಯೇ, ಯೂನಿಯನ್ ನಾಯಕರ ಮೇಲೆ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಆ ಕಹಿ ಅನುಭವದಿಂದ ಬಂದ ಕಾಯ್ದೆ ನಾಯಕರನ್ನು ದಾವೆಗಳಿಂದ ಕಾಪಾಡಿತು. ಆದರೆ ಸದಸ್ಯನ ಕೆಲಸ ಉಳಿಸುವ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. 1947ರಲ್ಲಿ ಅದನ್ನು ಸೇರಿಸುವ ತಿದ್ದುಪಡಿ ಪಾಸಾಯಿತು, ಜಾರಿಗೇ ಬರಲಿಲ್ಲ. ಹಾಗಾಗಿ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಕೈಗೆ ಬಂದರೆ ಕೆಲಸ ಭದ್ರ ಎಂದುಕೊಳ್ಳುವುದು ತಪ್ಪು.

ಕೆಲಸ ಉಳಿಸುವ ಮಾತು ಇದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ. 2025ರ ನವೆಂಬರ್ 21ರಿಂದ 1926ರ ಮತ್ತು 1947ರ ಈ ಎರಡೂ ಕಾಯ್ದೆಗಳ ಜಾಗದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. 1947ರ ಕಾಯ್ದೆಯ ಐದನೇ ಅನುಸೂಚಿಯಲ್ಲಿದ್ದ, ಕಂಪನಿ ಮಾಡಬಾರದವುಗಳ ಪಟ್ಟಿ ಈಗ ಎರಡನೇ ಅನುಸೂಚಿಯಲ್ಲಿದೆ. ಯೂನಿಯನ್ ಸೇರಿದರೆ ತೆಗೆಯುತ್ತೇವೆ ಎಂದು ಹೆದರಿಸುವುದು, ಬೇರೆಯವರನ್ನು ಸೇರಲು ಕರೆದವನನ್ನು ಶಿಕ್ಷಿಸುವುದು, ಇಲ್ಲದ ಗೈರುಹಾಜರಿ ಹೊರಿಸುವುದು, ಸೇಡಿಗಾಗಿ ದೂರದೂರಿಗೆ ವರ್ಗ ಮಾಡುವುದು, ಇವೆಲ್ಲ ಅನುಚಿತ ಕಾರ್ಮಿಕ ಪದ್ಧತಿ. ಯೂನಿಯನ್ ನೋಂದಣಿ ಆಗಿರಲೇಬೇಕು ಎಂದೇನೂ ಇಲ್ಲ. ಕಟ್ಟಲು ಹೊರಟಿದ್ದರೂ ಸಾಕು.

ಇದಕ್ಕೆ ಹಿಂದೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇತ್ತು. ಈಗ ಜೈಲು ಇಲ್ಲ, ದಂಡ 10,000ದಿಂದ 2 ಲಕ್ಷ ರೂಪಾಯಿವರೆಗೆ. ಜೈಲು ತೆಗೆದದ್ದಕ್ಕೆ ಬಹಳ ಜನ ಬೇಜಾರು ಮಾಡಿಕೊಂಡರು. ನನಗೆ ಅಷ್ಟು ಬೇಜಾರಾಗಲಿಲ್ಲ. ಹಳೆಯ ಕಾಯ್ದೆಯಲ್ಲಿ ಸರ್ಕಾರವೇ ದೂರು ಕೊಡಬೇಕಿತ್ತು, ಕೊಡುತ್ತಿದ್ದದ್ದು ಅಪರೂಪ. ದಂಡ ಕಟ್ಟಿಸಿದರೂ ಹೋದ ಕೆಲಸ ವಾಪಸ್ ಬರುವುದಿಲ್ಲ, ಅಲ್ವಾ?

ನಿಜವಾಗಿ ಕೆಲಸಕ್ಕೆ ಬರುವುದು ಇನ್ನೊಂದು ಸೆಕ್ಷನ್. ಹಳೆಯ ಕಾಯ್ದೆಯ 33, ಈಗಿನ 90. ಒಂದು ವಿವಾದ ಸಂಧಾನಾಧಿಕಾರಿಯ, ಅಂದರೆ ಎರಡೂ ಕಡೆಯವರನ್ನು ಕರೆದು ರಾಜಿ ಮಾಡಿಸುವ ಲೇಬರ್ ಆಫೀಸರ್ ಮುಂದೆ, ಅಥವಾ ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ನಡೆಯುತ್ತಿರುವಾಗ, ಆ ವಿವಾದಕ್ಕೆ ಸಂಬಂಧಪಟ್ಟ ತಪ್ಪು ಹೊರಿಸಿ ಕಾರ್ಮಿಕನನ್ನು ವಜಾ ಮಾಡಬೇಕಾದರೆ ಕಂಪನಿಗೆ ಅವರಿಂದ ಮೊದಲೇ ಲಿಖಿತ ಅನುಮತಿ ಬೇಕು. ತಪ್ಪು ವಿವಾದಕ್ಕೆ ಸಂಬಂಧಿಸಿಲ್ಲ ಎಂದಾದರೂ ಒಂದು ತಿಂಗಳ ಸಂಬಳ ಕೊಟ್ಟು, ಮಾಡಿದ್ದಕ್ಕೆ ಮಂಜೂರಾತಿ ಕೇಳಬೇಕು. ಮಂಜೂರಾತಿ ಕೇಳದಿದ್ದರೆ ಅಥವಾ ಸಿಗದಿದ್ದರೆ ವಜಾ ಆದೇಶಕ್ಕೆ ಬೆಲೆಯೇ ಇಲ್ಲ ಎಂದು ಜೈಪುರದ ಭೂವಿಕಾಸ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2002ರಲ್ಲಿ ಹೇಳಿದೆ. ಅಂದರೆ ಆ ಕಾರ್ಮಿಕ ಕೆಲಸದಲ್ಲೇ ಇದ್ದ ಹಾಗೆ. ಅನುಚಿತ ಪದ್ಧತಿ ಎಂದು ಸಾಬೀತು ಮಾಡಲು ಕಂಪನಿಯ ಮನಸ್ಸಿನಲ್ಲಿ ಏನಿತ್ತು ಎಂದು ತೋರಿಸಬೇಕು. ಇಲ್ಲಿ ಅದರ ಗೊಡವೆ ಇಲ್ಲ. ಅನುಮತಿ ತಗೊಂಡಿದ್ದಾರಾ, ಇಲ್ಲವಾ?

ಸಂರಕ್ಷಿತ ಕಾರ್ಮಿಕರು ಎಂಬ ವ್ಯವಸ್ಥೆಯೂ ಇದರಲ್ಲೇ ಬರುತ್ತದೆ. ನೋಂದಾಯಿತ ಯೂನಿಯನ್‌ನ ಪದಾಧಿಕಾರಿಗಳಲ್ಲಿ ಕೆಲವರಿಗೆ ಈ ಮಾನ್ಯತೆ ಸಿಗುತ್ತದೆ. ಒಟ್ಟು ಕಾರ್ಮಿಕರ ಶೇಕಡ 1ರಷ್ಟು ಜನ, ಆದರೆ 5ಕ್ಕಿಂತ ಕಡಿಮೆ ಇಲ್ಲ, 100ಕ್ಕಿಂತ ಜಾಸ್ತಿ ಇಲ್ಲ. 200 ಜನರ ಗಾರ್ಮೆಂಟ್ಸ್‌ನಲ್ಲಿ 5 ಜನ, 3,000 ಜನರ ಕಾರ್ಖಾನೆಯಲ್ಲಿ 30. ವಿವಾದ ನಡೆಯುತ್ತಿರುವಾಗ ಇವರನ್ನು ಯಾವ ಕಾರಣಕ್ಕೆ ವಜಾ ಮಾಡಬೇಕಾದರೂ ಮೊದಲೇ ಅನುಮತಿ ಬೇಕು. ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ವರ್ಷಪೂರ್ತಿ ಯಾರೂ ಮುಟ್ಟುವ ಹಾಗಿಲ್ಲ ಎಂದು ಹಲವು ಪದಾಧಿಕಾರಿಗಳು ನಂಬಿದ್ದಾರೆ. ಹಾಗಲ್ಲ. ಯಾವ ವಿವಾದವೂ ನಡೆಯುತ್ತಿಲ್ಲವೆಂದರೆ ಆ ಪಟ್ಟಿ ಸುಮ್ನೆ ಒಂದು ಕಾಗದ. ಜೋರಾಗಿ ಭಾಷಣ ಮಾಡುವ ಅಧ್ಯಕ್ಷರು ಈ ಮಾತು ಕೇಳಿ ತಣ್ಣಗಾಗುವುದನ್ನು ನೋಡಿದ್ದೇನೆ.

ಹಾಗಾದರೆ ಈ ರಕ್ಷಣೆ ಶುರುವಾಗುವುದು ಯಾವಾಗ? ಹೊಸ ಸಂಹಿತೆ ಇಲ್ಲಿ ಒಂದು ಕಂದಕ ತೋಡಿದೆ. ಮುಷ್ಕರದ ನೋಟಿಸ್ ಲೇಬರ್ ಆಫೀಸಿಗೆ ತಲುಪಿದ ದಿನದಿಂದಲ್ಲ, ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದ ದಿನದಿಂದ ಸಂಧಾನ ಶುರುವಾಯಿತು ಎಂದು ಲೆಕ್ಕ. ನೋಟಿಸ್ ಕೊಟ್ಟ ದಿನಕ್ಕೂ ಸಭೆಗೂ ನಡುವಿನ ದಿನಗಳಲ್ಲೇ ಅಮಾನತು, ವಜಾ ಆದೇಶಗಳು ದಡದಡ ಬಂದುಬಿಡಬಹುದು. ಅದಕ್ಕೇ ಕಾಗದ ಕೊಟ್ಟು ಮನೆಗೆ ಹೋಗಬೇಡಿ, ಸಭೆಯ ತಾರೀಖು ಹಾಕಿಸಿಕೊಂಡೇ ಬನ್ನಿ ಎನ್ನುತ್ತೇನೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಮೆಟ್ಟಿಲು ಹತ್ತಿ ಇಳಿದವರಿಗೆ ಇದು ಎಷ್ಟು ಕಷ್ಟ ಎಂದು ಗೊತ್ತು. ಆದರೂ ಬಿಡಬಾರದು.

ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ಮೊದಲು ಸಂಧಾನ ಮುರಿದುಬಿದ್ದರೆ ಸರ್ಕಾರ ವಿವಾದವನ್ನು ಕೋರ್ಟಿಗೆ ಕಳಿಸುವವರೆಗೂ ಕಾಯಬೇಕಿತ್ತು. ಆ ಕಾಯುವ ಕಾಲದಲ್ಲಿ ರಕ್ಷಣೆ ಇರುತ್ತಿರಲಿಲ್ಲ. ಈಗ ಸರ್ಕಾರದ ದಾರಿ ಕಾಯಬೇಕಿಲ್ಲ. ಸಂಧಾನಾಧಿಕಾರಿಯ ವರದಿ ಕೈಸೇರಿದ 90 ದಿನದೊಳಗೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. 90 ದಿನ ಇದೆ ಎಂದು ಆರಾಮಾಗಿ ಇರಬೇಡಿ. ಮೊದಲ ವಾರದಲ್ಲೇ ಹಾಕಿ.

ಇನ್ನು ಗುಟ್ಟಿನ ವಿಷಯ. 600 ಜನರ ಕಾರ್ಖಾನೆಯಲ್ಲಿ ನೋಂದಣಿಗೆ 60 ಸದಸ್ಯರು ಬೇಕು. ಶೇಕಡ 10 ಅಥವಾ 100, ಯಾವುದು ಕಡಿಮೆಯೋ ಅದು. ಅಷ್ಟು ಸಹಿ ಆಗುವವರೆಗೂ ಗುಟ್ಟಾಗಿರುವುದು ಸರಿ. ಆದರೆ ಅರ್ಜಿ ಹಾಕಿದ ಮೇಲೂ ಸರ್ಟಿಫಿಕೇಟ್ ಬರಲಿ ಎಂದು ಬಾಯಿ ಮುಚ್ಚಿಕೊಂಡಿರುತ್ತಾರಲ್ಲ, ಅದು ಅಪಾಯ. ಶ್ರೀಪೆರಂಬದೂರಿನ ಸ್ಯಾಮ್‌ಸಂಗ್ ಕಾರ್ಮಿಕರು 2024ರ ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ ಒಂದು ತಿಂಗಳಿಗೂ ಹೆಚ್ಚು ಮುಷ್ಕರ ಮಾಡಿದರೂ, ಅವರ ಯೂನಿಯನ್‌ಗೆ ನೋಂದಣಿ ಸಿಕ್ಕಿದ್ದು 2025ರ ಜನವರಿಯಲ್ಲಿ. ಅಷ್ಟು ದಿನ ಸುಮ್ಮನಿದ್ದರೆ ನಾಳೆ ಕೋರ್ಟಿನಲ್ಲಿ ಕಂಪನಿ ಹೇಳುವುದು ಒಂದೇ ಮಾತು: "ಯೂನಿಯನ್ ಇರುವುದೇ ನಮಗೆ ಗೊತ್ತಿರಲಿಲ್ಲ." ಆದ್ದರಿಂದ ಅರ್ಜಿ ಹಾಕಿದ ದಿನವೇ ಪದಾಧಿಕಾರಿಗಳ ಹೆಸರು ಬರೆದು ಮ್ಯಾನೇಜ್‌ಮೆಂಟ್‌ಗೆ ಸ್ಪೀಡ್ ಪೋಸ್ಟ್, ಇಮೇಲ್ ಎರಡೂ ಕಳಿಸಿ. ಲೇಬರ್ ಆಫೀಸಿಗೆ ಪ್ರತಿ ಕೊಟ್ಟು ಸೀಲ್ ಹಾಕಿಸಿ. ಏಳು ವರ್ಷ ಒಂದೂ ಮೆಮೊ ಇಲ್ಲದವನಿಗೆ ಆ ಕಾಗದ ತಲುಪಿದ ಹತ್ತೇ ದಿನದಲ್ಲಿ ಆರೋಪಪಟ್ಟಿ ಬಂದರೆ, ಅದೇ ತಪ್ಪಿಗೆ ಪಕ್ಕದ ಲೈನಿನವನಿಗೆ ಬರೀ ಎಚ್ಚರಿಕೆ ಕೊಟ್ಟಿದ್ದರೆ, ನ್ಯಾಯಾಧೀಶರಿಗೆ ಜಾಸ್ತಿ ವಿವರಿಸಬೇಕಾಗಿ ಬರುವುದಿಲ್ಲ. ‘ಕೆಲಸ ಕಡಿಮೆ’ ಎಂದು ತೆಗೆದವರ ವಿಷಯದಲ್ಲೂ ಹೀಗೇ. ಕೊನೆಗೆ ಸೇರಿದವರು ಮೊದಲು ಹೋಗಬೇಕು ಎಂಬುದು ನಿಯಮ. ಹಳಬರೇ ಹೋಗಿದ್ದರೆ, ಅವರೆಲ್ಲ ಪದಾಧಿಕಾರಿಗಳೇ ಆಗಿದ್ದರೆ, ಸೀನಿಯಾರಿಟಿ ಪಟ್ಟಿಯೇ ಸಾಕ್ಷಿ.

ಕಂಪನಿಗಳಿಗೂ ಇದೆಲ್ಲ ಚೆನ್ನಾಗಿ ಗೊತ್ತು. ಅದಕ್ಕೇ ವಜಾ ಮಾಡುವುದಕ್ಕಿಂತ ರಾಜೀನಾಮೆ ಬರೆಸಿಕೊಳ್ಳುವುದು ಜಾಸ್ತಿ. ಎಚ್‌ಆರ್ ರೂಮಿಗೆ ಒಬ್ಬೊಬ್ಬರನ್ನೇ ಕರೆದು, "ನೀವೇ ಬರೆದುಕೊಟ್ಟರೆ ಸೆಟಲ್‌ಮೆಂಟ್, ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಎರಡೂ ಸಿಗುತ್ತದೆ" ಎನ್ನುತ್ತಾರೆ. ಸಹಿ ಬಿತ್ತು ಎಂದರೆ ನನ್ನ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಒತ್ತಾಯಕ್ಕೆ ಸಹಿ ಹಾಕಿದ್ದರೆ ಅವತ್ತೇ ರಾತ್ರಿ ಇಮೇಲ್‌ನಲ್ಲಿ ಅದನ್ನು ಬರೆದು ರಾಜೀನಾಮೆ ವಾಪಸ್ ಪಡೆಯಬೇಕು. ತಿಂಗಳಾದ ಮೇಲೆ ಬಂದು ಹೇಳಿದರೆ ನಂಬುವವರು ಕಡಿಮೆ. ವರ್ಗದ ಆದೇಶ ಬಂದಾಗ ಹೋಗದೇ ಇರುವುದೂ ಬಲೆಗೆ ಬಿದ್ದ ಹಾಗೆ. ಆಗ ಗೈರುಹಾಜರಿಯ ಆರೋಪ ನಿಜವಾಗಿಬಿಡುತ್ತದೆ. ಆಕ್ಷೇಪ ಬರೆದುಕೊಟ್ಟು ಹೋಗಿ ಸೇರಿಕೊಳ್ಳಿ, ಜೊತೆಗೇ ವಿವಾದ ಎಬ್ಬಿಸಿ.

ಇಷ್ಟೆಲ್ಲ ಹೇಳಿದರೂ ಈ ರಕ್ಷಣೆ ಎಲ್ಲರಿಗೂ ಒಂದೇ ಸಮ ಸಿಗುವುದಿಲ್ಲ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳದ ಸೂಪರ್‌ವೈಸರ್ ಸಂಹಿತೆಯ ಲೆಕ್ಕದಲ್ಲಿ ಕಾರ್ಮಿಕನೇ ಅಲ್ಲ. ನಿಗದಿತ ಅವಧಿಯ ಕೆಲಸಗಾರರ ಪಾಡು ಇನ್ನೂ ಕಷ್ಟ. ಅವರನ್ನು ವಜಾ ಮಾಡಬೇಕಾಗಿಯೇ ಇಲ್ಲ, ಅವಧಿ ಮುಗಿದ ಮೇಲೆ ಮುಂದುವರಿಸದಿದ್ದರೆ ಆಯಿತು. ಹೊಸ ಕಾರ್ಖಾನೆಗಳಲ್ಲಿ ಇಂಥವರೇ ಹೆಚ್ಚುತ್ತಿದ್ದಾರೆ. ಯೂನಿಯನ್ ಮಾಡಿದವರನ್ನು ಬಿಟ್ಟು ಉಳಿದವರನ್ನೆಲ್ಲ ಮುಂದುವರಿಸಿದ್ದಾರೆ ಎಂದು ದಾಖಲೆ ಸಮೇತ ತೋರಿಸಿದರೆ ವಾದ ಮಾಡಲು ಜಾಗ ಇದೆ. ಆದರೆ ಖಂಡಿತ ಗೆಲ್ಲುತ್ತೇವೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ.

ವಜಾ ಆಗಿಹೋಗಿದ್ದರೆ ಮೊದಲು ಸಂಧಾನಾಧಿಕಾರಿಗೆ ಅರ್ಜಿ ಕೊಡಿ. 45 ದಿನದಲ್ಲಿ ಇತ್ಯರ್ಥ ಆಗದಿದ್ದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಮೊದಲು ಇದಕ್ಕೆ ಮೂರು ವರ್ಷ ಕಾಲಾವಕಾಶ ಇತ್ತು, ಈಗ ಎರಡೇ ವರ್ಷ. ವಜಾ ತಪ್ಪು ಎಂದು ತೀರ್ಮಾನವಾದರೆ ಹಿಂಬಾಕಿ ಸಂಬಳದ ಜೊತೆ ಮತ್ತೆ ಕೆಲಸ ಕೊಡುವುದೇ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ದೀಪಾಲಿ ಗುಂಡು ಸುರ್ವಸೆ ಪ್ರಕರಣದಲ್ಲಿ ಹೇಳಿದೆ. ಆದರೆ ಈ ನಡುವೆ ಬೇರೆ ಕಡೆ ದುಡಿದು ಸಂಪಾದನೆ ಮಾಡಿಲ್ಲ ಎಂದು ಕಾರ್ಮಿಕನೇ ಮೊದಲು ಹೇಳಬೇಕು. ಅರ್ಜಿಯಲ್ಲಿ ಆ ಒಂದು ಸಾಲು ಇದೆಯೇ ಎಂದು ನಿಮ್ಮ ವಕೀಲರನ್ನು ಕೇಳಿ.